ಹೊಟ್ಟೆನೋವು ಶುರುವಾಗಿ ಎಷ್ಟು ಗಂಟೆ ಆಯ್ತು? ಮೇದೋಜೀರಕದ ಊತ ಪತ್ತೆ ಮಾಡುವ ರಕ್ತ ಪರೀಕ್ಷೆಗಳು: ಉತ್ತರ ಕನ್ನಡದವರಿಗೊಂದು ಸಮಗ್ರ ಮಾರ್ಗದರ್ಶಿ

ಮೇಲುಹೊಟ್ಟೆಯಲ್ಲಿ ಜೋರು ನೋವು ಬಂದರೆ ನಮ್ಮ ಕಡೆ ಮೊದಲು ಹೊರಡುವ ಮಾತು "ಗ್ಯಾಸ್ ಆಗಿರ್ಬೇಕು" ಅಂತ. ಓಂಕಾಳಿನ ಕಷಾಯ, ಜೀರಿಗೆ ನೀರು, ಸೋಡಾ, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನ ಮಾತ್ರೆ. ಹೆಚ್ಚಿನ ಸಲ ಅದು ಗ್ಯಾಸೇ ಆಗಿರುತ್ತದೆ, ಬೆಳಗಾಗುವುದರೊಳಗೆ ಇಳಿಯುತ್ತದೆ. ಆದರೆ ಕೆಲವು ನೋವು ಇಳಿಯುವುದಿಲ್ಲ. ಹೊಟ್ಟೆಯಿಂದ ಸೀದಾ ಬೆನ್ನಿಗೆ ಹೊಡೆಯುತ್ತದೆ. ಅಂಗಾತ ಮಲಗೋಕೆ ಆಗುವುದಿಲ್ಲ, ದಿಂಬು ಅವುಚಿಕೊಂಡು ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ತಡೆದುಕೊಳ್ಳಬಹುದು. ವಾಂತಿ ಆಗುತ್ತಲೇ ಇರುತ್ತದೆ, ವಾಂತಿಯಾದರೂ ನೋವು ಹಗುರಾಗುವುದಿಲ್ಲ. ಇಂಥ ನೋವಿನಲ್ಲಿ ಡಾಕ್ಟರಿಗೆ ಬರುವ ಅನುಮಾನಗಳಲ್ಲಿ ಒಂದು ಮೇದೋಜೀರಕ ಗ್ರಂಥಿಯ ಊತ. ಆಸ್ಪತ್ರೆ ಭಾಷೆಯಲ್ಲಿ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್.

ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರ ಅಡ್ಡ ಮಲಗಿರುವ ಗ್ರಂಥಿ ಇದು. ಊಟ ಕರಗಿಸುವ ರಸ ಮಾಡುವುದು ಇದರ ಕೆಲಸ. ಆ ರಸ ಕರುಳಿಗೆ ಹೋದ ಮೇಲೆ ಚುರುಕಾಗಬೇಕು. ಯಾವುದೋ ಕಾರಣಕ್ಕೆ ಗ್ರಂಥಿಯ ಒಳಗೇ ಚುರುಕಾಗಿಬಿಟ್ಟರೆ ಅದು ಗ್ರಂಥಿಯನ್ನೇ ಕರಗಿಸಲು ಶುರುಮಾಡುತ್ತದೆ. ಆಗ ಒಳಗಿರಬೇಕಾದ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ನಾವು ಲ್ಯಾಬಿನಲ್ಲಿ ಹುಡುಕುವುದು ಆ ಸೋರಿಕೆಯನ್ನು.

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು, ಡಾಕ್ಟರಲ್ಲ. ರೋಗಿಯ ಮನೆಯವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ರಿಪೋರ್ಟು ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ದಪ್ಪಕ್ಷರದ ಸಂಖ್ಯೆಯ ಮೇಲೆ. ಆ ರಕ್ತವನ್ನು ಎಷ್ಟು ಹೊತ್ತಿಗೆ ತೆಗೆದದ್ದು ಅಂತ ಯಾರೂ ನೋಡುವುದಿಲ್ಲ. ಈ ಕಾಯಿಲೆಯಲ್ಲಿ ಸಂಖ್ಯೆಯಷ್ಟೇ ಗಂಟೆಯೂ ಮುಖ್ಯ. ಘಟ್ಟ ಹತ್ತಿ ಇಳಿದು ಆಸ್ಪತ್ರೆ ಸೇರುವ ನಮ್ಮ ಜಿಲ್ಲೆಯಲ್ಲಂತೂ ಇನ್ನೂ ಜಾಸ್ತಿ.

ಹಂತ 1: ನೋವು ಶುರುವಾದ ಗಂಟೆ ಬರೆದಿಡಿ

ಮೊಬೈಲಿನಲ್ಲಾದರೂ ಸರಿ, ಕ್ಯಾಲೆಂಡರಿನ ಮೇಲಾದರೂ ಸರಿ. "ನಿನ್ನೆ ರಾತ್ರಿಯಿಂದ" ಅಂದರೆ ಸಾಲದು. ಊಟಕ್ಕೆ ಮೊದಲಾ, ಆಮೇಲಾ? ಒಂದೇ ಸಲ ಹಿಡಿದುಕೊಂಡಿತಾ, ನಿಧಾನಕ್ಕೆ ಏರಿತಾ? ಮೊದಲ ವಾಂತಿ ಎಷ್ಟು ಗಂಟೆಗೆ?

ಜೊತೆಗೆ ಇನ್ನೊಂದಿಷ್ಟು ವಿಷಯ ಬರೆಯಿರಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಬೇಕು. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್, ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಅಜಾಥಿಯೋಪ್ರಿನ್ ಮುಂತಾದ ಕೆಲವು ಔಷಧಿಗಳಿಂದಲೂ ಈ ಊತ ಬರುವುದುಂಟು. ಮೊದಲು ಪಿತ್ತಕೋಶದಲ್ಲಿ ಕಲ್ಲಿದೆ ಅಂದಿದ್ದರೆ ಆ ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಹುಡುಕಿ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇದೆಯಾ, ಕಿಡ್ನಿ ತೊಂದರೆ ಇದೆಯಾ, ಅದೂ ಬೇಕು.

ಕುಡಿತದ ವಿಷಯ ಮುಚ್ಚಿಡಬೇಡಿ. ಗೋವಾ ಗಡಿಗೆ ಅಂಟಿಕೊಂಡ ನಮಗೆ ಊರಕ್, ಫೆನಿ ಹೊಸದೇನಲ್ಲ. ಆದರೆ ಅಪ್ಪ, ಮಾವ ಎದುರಿಗೆ ನಿಂತಿದ್ದಾಗ "ಕುಡೀತೀರಾ?" ಅಂತ ಕೇಳಿದರೆ "ಇಲ್ಲ" ಅನ್ನದೆ ಇನ್ನೇನಂತಾರೆ? ಮನೆಯವರು ಐದು ನಿಮಿಷ ಹೊರಗೆ ಹೋಗಿ, ರೋಗಿಗೆ ಡಾಕ್ಟರ ಹತ್ತಿರ ಒಬ್ಬರೇ ಮಾತಾಡೋಕೆ ಬಿಡಿ. ಕಾರಣ ಗೊತ್ತಿಲ್ಲದೆ ಹತ್ತು ಪರೀಕ್ಷೆ ಮಾಡಿಸುವುದಕ್ಕಿಂತ ಅದು ಸಲೀಸು.

ಹಂತ 2: ಮೊದಲು ಇಸಿಜಿ

ಮೇಲುಹೊಟ್ಟೆಯ ನೋವು ಎಂದರೆ ಹೊಟ್ಟೆಯದ್ದೇ ಆಗಬೇಕೆಂದಿಲ್ಲ. ಹೃದಯದ ಕೆಳಭಾಗಕ್ಕೆ ರಕ್ತ ನಿಂತಾಗಲೂ ನೋವು ಅಲ್ಲೇ ಬರಬಹುದು, ವಾಂತಿಯೂ ಬರಬಹುದು. ಅದಕ್ಕೇ ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ, ಬೇಕಾದರೆ ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತಿಳಿಸುವ ಟ್ರೋಪೋನಿನ್ ರಕ್ತ ಪರೀಕ್ಷೆ ಆಗಲಿ. ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಲಿ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಾದರೆ ಮೂತ್ರದಲ್ಲಿ ಗರ್ಭ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಮುಜುಗರ ಬೇಡ. ಗರ್ಭಕೋಶದ ಹೊರಗೆ ಗರ್ಭ ನಿಂತು ಒಡೆದರೂ ಹೊಟ್ಟೆನೋವು ಬರುತ್ತದೆ, ಅಮೈಲೇಸ್ ಕೂಡ ಏರುತ್ತದೆ.

ಹಂತ 3: ಅಮೈಲೇಸ್ ಮತ್ತು ಲೈಪೇಸ್

ಪತ್ತೆಗೆ ಬೇಕಾದ ಮುಖ್ಯ ಪರೀಕ್ಷೆಗಳು ಇವೆರಡೇ. ಅಮೈಲೇಸ್ ಪಿಷ್ಟ ಕರಗಿಸುವ ಕಿಣ್ವ, ಲೈಪೇಸ್ ಕೊಬ್ಬು ಕರಗಿಸುವುದು.

ಅಮೈಲೇಸ್ ನೋವು ಶುರುವಾಗಿ 6ರಿಂದ 12 ಗಂಟೆಯೊಳಗೆ ರಕ್ತದಲ್ಲಿ ಏರುತ್ತದೆ. ಆದರೆ ಬೇಗ ಇಳಿದೂ ಹೋಗುತ್ತದೆ. 3ರಿಂದ 5 ದಿನಕ್ಕೆ ನಾರ್ಮಲ್. ಲೈಪೇಸ್ 4ರಿಂದ 8 ಗಂಟೆಯೊಳಗೇ ಏರಲು ಶುರುವಾಗಿ, 24 ಗಂಟೆ ಹೊತ್ತಿಗೆ ತುದಿ ಮುಟ್ಟಿ, 8ರಿಂದ 14 ದಿನದವರೆಗೂ ಉಳಿದುಕೊಳ್ಳುತ್ತದೆ.

ಇದನ್ನು ನಮ್ಮ ಕಡೆಯ ಲೆಕ್ಕಕ್ಕೆ ತಂದು ನೋಡಿ. ಸಿದ್ದಾಪುರದ ಒಳಗಿನ ಹಳ್ಳಿಯ ತೋಟದವರು ಒಬ್ಬರು ಇದ್ದಾರೆ ಅಂತಿಟ್ಟುಕೊಳ್ಳಿ. ಸೋಮವಾರ ರಾತ್ರಿ 9ಕ್ಕೆ ನೋವು. ಮಂಗಳವಾರ ಕಷಾಯ, ಬುಧವಾರ ಊರಿನ ಡಾಕ್ಟರ ಇಂಜೆಕ್ಷನ್. ನೋವು ಕಮ್ಮಿ ಆದಂತೆ ಆಗಿ ಮತ್ತೆ ಬಂತು. ಶುಕ್ರವಾರ ಸಂಜೆ ಶಿರಸಿಗೆ ಬಂದು ಅಮೈಲೇಸ್ ಒಂದನ್ನೇ ಮಾಡಿಸಿದರು. ನಾರ್ಮಲ್. ಮನೆಯವರಿಗೆ ಸಮಾಧಾನ. ಆದರೆ ಅಷ್ಟೊತ್ತಿಗೆ ನಾಲ್ಕು ದಿನ ಆಗಿದೆ. ಆ ನಾರ್ಮಲ್ಲಿಗೆ ಅರ್ಥವೇ ಇಲ್ಲ. ಅದೇ ರಕ್ತದಲ್ಲಿ ಲೈಪೇಸ್ ನೋಡಿದ್ದರೆ ಇನ್ನೂ ಏರಿಯೇ ಇರುವ ಸಾಧ್ಯತೆ ಜಾಸ್ತಿ. ಇದಕ್ಕೆ ತದ್ವಿರುದ್ಧವೂ ನಡೆಯುತ್ತದೆ. ನೋವು ಬಂದು ಎರಡೇ ಗಂಟೆಗೆ ಪೇಟೆಯಲ್ಲಿದ್ದವರು ಓಡಿಬಂದು ರಕ್ತ ಕೊಟ್ಟರೆ ಕಿಣ್ವ ಇನ್ನೂ ಏರಿರುವುದಿಲ್ಲ. ನೋವು ಇಳಿಯದಿದ್ದರೆ ಆರೆಂಟು ಗಂಟೆ ಬಿಟ್ಟು ಮತ್ತೆ ತೆಗೆಸಬೇಕು.

ಹಾಗಾಗಿ ಎರಡರಲ್ಲಿ ಒಂದನ್ನು ಮಾತ್ರ ಮಾಡಿಸಲು ದುಡ್ಡಿದೆ ಅಂದರೆ ಲೈಪೇಸ್ ಮಾಡಿಸಿ. ಅದು ಹೆಚ್ಚು ದಿನ ಉಳಿಯುತ್ತದೆ, ಮೇದೋಜೀರಕಕ್ಕೆ ಹೆಚ್ಚು ಅಂಟಿಕೊಂಡದ್ದು ಕೂಡ. ಎರಡನ್ನೂ ಒಟ್ಟಿಗೆ ಮಾಡಿಸುವುದರಿಂದ ದೊಡ್ಡ ಲಾಭವಿಲ್ಲ. ಕೆಲವು ಸಣ್ಣ ಲ್ಯಾಬುಗಳಲ್ಲಿ ಅಮೈಲೇಸ್ ಅಲ್ಲೇ ಆಗುತ್ತದೆ, ಲೈಪೇಸ್ ಹೊರಗೆ ಕಳಿಸುತ್ತಾರೆ, ರಿಪೋರ್ಟ್ ಮಾರನೇ ದಿನ. ರಕ್ತ ಕೊಡುವ ಮೊದಲೇ "ಲೈಪೇಸ್ ಇಲ್ಲೇ ಆಗ್ತದಾ, ಎಷ್ಟು ಹೊತ್ತಿಗೆ ಸಿಗ್ತದೆ?" ಅಂತ ಕೇಳಿಬಿಡಿ. ಇನ್ನೊಂದು ಉಪಾಯ ಹೇಳ್ತೇನೆ. ಬೆಳಿಗ್ಗೆ ಬೇರೆ ಯಾವುದಕ್ಕೋ ರಕ್ತ ಕೊಟ್ಟಿದ್ದರೆ ಉಳಿದ ಸೀರಂ (ರಕ್ತದ ತಿಳಿ ಭಾಗ) ಲ್ಯಾಬಿನ ಫ್ರಿಜ್ಜಿನಲ್ಲಿ ಇರಬಹುದು. ಈ ಕಿಣ್ವಗಳು ಬೇಗ ಕೆಡುವಂಥವಲ್ಲ. ಅದರಲ್ಲೇ ಲೈಪೇಸ್ ಮಾಡಿಕೊಡಿ ಅಂತ ಡಾಕ್ಟರ ಚೀಟಿ ತಂದರೆ ಮತ್ತೆ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ, ಬೆಳಿಗ್ಗೆಯ ಹೊತ್ತಿನ ಲೆಕ್ಕವೂ ಸಿಗುತ್ತದೆ.

ಇನ್ನು ಸಂಖ್ಯೆ ಓದುವುದು. ಸುಮ್ನೆ "ಹೈ" ಅಂತ ಬಂದ ತಕ್ಷಣ ಮೇದೋಜೀರಕದ ಊತ ಅಂತಲ್ಲ. ಆ ಲ್ಯಾಬಿನ ನಾರ್ಮಲ್ ಮೇಲ್ಮಿತಿಯ ಮೂರು ಪಟ್ಟಿಗೆ ಮುಟ್ಟಬೇಕು. ಈ ಮೇಲ್ಮಿತಿ ಲ್ಯಾಬಿನಿಂದ ಲ್ಯಾಬಿಗೆ ಬೇರೆ, ಯಾಕೆಂದರೆ ಬಳಸುವ ರಾಸಾಯನಿಕ, ಮೆಷಿನ್ ಬೇರೆ ಬೇರೆ. ಒಂದು ಕಡೆ ಲೈಪೇಸಿನ ಮೇಲ್ಮಿತಿ 60 ಇದ್ದರೆ ಇನ್ನೊಂದು ಕಡೆ 160 ಇರಬಹುದು. ರಿಪೋರ್ಟಿನಲ್ಲಿ 240 ಅಂತ ಬಂತು ಅನ್ನಿ. ಮೊದಲ ಲ್ಯಾಬಿನಲ್ಲಿ ಅದು ನಾಲ್ಕು ಪಟ್ಟು, ಊತಕ್ಕೆ ಗಟ್ಟಿ ಸಾಕ್ಷಿ. ಎರಡನೇ ಲ್ಯಾಬಿನಲ್ಲಿ ಒಂದೂವರೆ ಪಟ್ಟು, ಅಷ್ಟರಿಂದ ಏನೂ ಹೇಳೋಕಾಗಲ್ಲ. ಕುಮಟಾದ ಸಂಖ್ಯೆಯನ್ನು ಫೋನಿನಲ್ಲಿ ಹುಬ್ಬಳ್ಳಿಗೆ ಹೇಳುವಾಗ ಪಕ್ಕದ ಕಾಲಮ್ಮಿನಲ್ಲಿರುವ ಮಿತಿಯನ್ನೂ ಹೇಳಬೇಕು. ರಿಪೋರ್ಟಿನ ಪೂರ್ತಿ ಪುಟದ ಫೋಟೋ ಕಳಿಸುವುದು ಎಲ್ಲಕ್ಕಿಂತ ಒಳ್ಳೆಯದು. ಅರ್ಧ ಕತ್ತರಿಸಿದ ಫೋಟೋ ಬೇಡ.

ಬೇರೆ ಕಾರಣಕ್ಕೂ ಇವು ಏರುತ್ತವೆ. ಅಮೈಲೇಸ್ ಜೊಲ್ಲಿನ ಗ್ರಂಥಿಯಲ್ಲೂ ಇದೆ, ಹಾಗಾಗಿ ಮಂಗನಬಾವಿನಲ್ಲಿ ಏರುತ್ತದೆ (ನಮ್ಮ ಕಾಡಿನ ಮಂಗನ ಕಾಯಿಲೆ ಬೇರೆ, ಇದು ಬೇರೆ). ಕರುಳು ತೂತಾದಾಗ, ಕರುಳು ಕಟ್ಟಿಕೊಂಡಾಗ, ಸಕ್ಕರೆ ವಿಪರೀತ ಏರಿ ರಕ್ತ ಹುಳಿಯಾದಾಗಲೂ ಎರಡೂ ಏರಬಹುದು. ಕಿಡ್ನಿ ಸೋತವರಲ್ಲಿ ಹೊರಹೋಗಬೇಕಾದ ಕಿಣ್ವ ಅಲ್ಲೇ ಉಳಿದು ಸಂಖ್ಯೆ ದೊಡ್ಡದಾಗುತ್ತದೆ. ಮಳೆಗಾಲದಲ್ಲಿ ಗದ್ದೆ, ತೋಟದ ಕೆಲಸ ಮಾಡುವವರಿಗೆ ಬರುವ ಇಲಿಜ್ವರವನ್ನು ಇಲ್ಲಿ ಮರೆಯಬಾರದು. ಅದು ಕಿಡ್ನಿಗೂ ಯಕೃತ್ತಿಗೂ ಬಡಿಯುತ್ತದೆ, ಅಮೈಲೇಸ್ ಏರಿಸುತ್ತದೆ, ಅಪರೂಪಕ್ಕೆ ಮೇದೋಜೀರಕವನ್ನೂ ಊದಿಸುತ್ತದೆ. ಜ್ವರ, ಕಣ್ಣು ಕೆಂಪು, ಮೀನಖಂಡದ ನೋವು, ಕಾಮಾಲೆ ಇದ್ದರೆ ಡಾಕ್ಟರಿಗೆ "ಗದ್ದೆಗೆ ಇಳಿದಿದ್ದರು" ಅಂತ ನೀವೇ ಹೇಳಿ.

ಸಂಖ್ಯೆ ದೊಡ್ಡದಿದ್ದಷ್ಟೂ ಕಾಯಿಲೆ ಜೋರು ಅನ್ನುವುದು ಎಲ್ಲರ ನಂಬಿಕೆ. ಹಾಗಲ್ಲ. ಲೈಪೇಸ್ 3000 ಇದ್ದವರು ಐದನೇ ದಿನ ಗಂಜಿ ಉಂಡು ಮನೆಗೆ ಹೋಗಬಹುದು, 400 ಇದ್ದವರು ಐಸಿಯು ಸೇರಬಹುದು. ಒಮ್ಮೆ ಪತ್ತೆಯಾದ ಮೇಲೆ ದಿನಾ ಲೈಪೇಸ್ ಮಾಡಿಸುತ್ತ ಕೂರುವುದು ದುಡ್ಡು ದಂಡ. ನಮ್ಮ ಕೌಂಟರಿಗೆ ಬರುವ ಅಮ್ಮಂದಿರು ಕೇಳುವುದುಂಟು, "ತಮಾ, ಇವತ್ತು ಎಷ್ಟು ಇಳಿದದೆ?" ಅಂತ. ನಾನು ತಿರುಗಿ ಕೇಳುವುದು, "ಅಮ್ಮಾ, ನೋವು ಇಳಿದದಾ? ಉಚ್ಚೆ ಸರಿಯಾಗಿ ಹೋಗ್ತದಾ? ಗಂಜಿ ಸೇರ್ತದಾ?" ಅಂತ. ಸುಧಾರಿಸಿದೆಯೋ ಇಲ್ಲವೋ ಅಂತ ತಿಳಿಯುವುದು ಇವುಗಳಿಂದ.

ಹಂತ 4: ರಕ್ತ ತೆಗೆಯುವಾಗ

ಖಾಲಿ ಹೊಟ್ಟೆ ಬೇಕಾ? ಬೇಡ. ತುರ್ತಿನಲ್ಲಿ ಅಮೈಲೇಸ್, ಲೈಪೇಸ್ ಯಾವಾಗ ಬೇಕಾದರೂ ತೆಗೆಯಬಹುದು. "ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಕೊಡ್ತೇವೆ" ಅಂತ ಮನೆಗೆ ಹೋಗಬೇಡಿ.

ಡ್ರಿಪ್ ಹಾಕಿದ ಕೈಯಿಂದ ರಕ್ತ ತೆಗೆಯಬಾರದು. ಗ್ಲುಕೋಸ್ ಹೋಗುತ್ತಿರುವ ಕೈಯಿಂದ ತೆಗೆದರೆ ಸಕ್ಕರೆ ಸುಳ್ಳೇ ಏರುತ್ತದೆ, ಉಳಿದದ್ದೆಲ್ಲ ನೀರಾಗಿ ಕಮ್ಮಿ ಕಾಣುತ್ತದೆ. ಅವಸರದಲ್ಲಿ ಯಾರಾದರೂ ಹಾಗೆ ಮಾಡಿದರೆ "ಆ ಕೈಯಿಂದ ತೆಗೀರಿ ಸರ್" ಅಂತ ಹೇಳುವುದರಲ್ಲಿ ತಪ್ಪಿಲ್ಲ.

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಇರುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟು ಹೆಪ್ಪುಗಟ್ಟದಂತೆ ತಡೆಯುತ್ತದೆ. ರಕ್ತಕಣ ಎಣಿಸಲು ಅದು ಸರಿ. ಆದರೆ ಅಮೈಲೇಸ್ ಕೆಲಸ ಮಾಡಲು ಕ್ಯಾಲ್ಸಿಯಂ ಬೇಕೇ ಬೇಕು. ಆ ಟ್ಯೂಬಿನ ರಕ್ತ ಸ್ವಲ್ಪ ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿಗೆ ಸೇರಿದರೂ ಅಮೈಲೇಸ್ ಕೆಳಗೆ, ಕ್ಯಾಲ್ಸಿಯಂ ಕೆಳಗೆ, ಪೊಟ್ಯಾಸಿಯಂ ಆಕಾಶಕ್ಕೆ. ಕ್ಯಾಲ್ಸಿಯಂ ತೀರಾ ಕಮ್ಮಿ ಮತ್ತು ಪೊಟ್ಯಾಸಿಯಂ ತೀರಾ ಹೆಚ್ಚು ಒಟ್ಟಿಗೆ ಬಂದ ರಿಪೋರ್ಟ್ ಕಂಡರೆ ನಾವು ಮೊದಲು ಟ್ಯೂಬನ್ನು ಅನುಮಾನಿಸುತ್ತೇವೆ, ಆಮೇಲೆ ರೋಗಿಯನ್ನು. ಇನ್ನೊಂದು ಗೊತ್ತಿರಲಿ, ಮುಚ್ಚಳ ತೆಗೆದ ಸ್ಯಾಂಪಲ್ ಮುಂದೆ ಕೆಮ್ಮಿ ಸೀನಿದರೂ ಅಮೈಲೇಸ್ ಸುಳ್ಳೇ ಏರಬಹುದು. ಜೊಲ್ಲಿನಲ್ಲಿ ಅದು ಅಷ್ಟಿದೆ.

ಹಂತ 5: ಮೂರರಲ್ಲಿ ಎರಡು

1992ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ತಜ್ಞರು ಸೇರಿ ಈ ಕಾಯಿಲೆಗೊಂದು ಒಪ್ಪಿತ ವ್ಯಾಖ್ಯೆ ಮಾಡಿದರು. 2012ರಲ್ಲಿ ಅದನ್ನು ತಿದ್ದಿದರು. ಈಗ ಎಲ್ಲ ಕಡೆ ಬಳಸುವುದು ಅದನ್ನೇ. ಲಕ್ಷಣಕ್ಕೆ ಹೊಂದುವ ನೋವು, ಮೂರು ಪಟ್ಟು ಮುಟ್ಟಿದ ಅಮೈಲೇಸ್ ಅಥವಾ ಲೈಪೇಸ್, ಸ್ಕ್ಯಾನಿನಲ್ಲಿ ಕಂಡ ಊತ. ಈ ಮೂರರಲ್ಲಿ ಎರಡು ಇದ್ದರೆ ಸಾಕು.

ಇದರಿಂದ ನಿಮಗೇನು ಲಾಭ? ನೋವೂ ಸರಿಹೊಂದಿ ಲೈಪೇಸೂ ಮೂರು ಪಟ್ಟು ಇದ್ದರೆ ಮೊದಲ ದಿನವೇ ಸಿಟಿ ಸ್ಕ್ಯಾನಿಗೆ ಓಡಬೇಕಿಲ್ಲ. ಗ್ರಂಥಿ ಎಷ್ಟು ಸತ್ತಿದೆ ಅನ್ನುವುದು ಮೊದಲ ದಿನದ ಸಿಟಿಯಲ್ಲಿ ಸರಿಯಾಗಿ ತಿಳಿಯುವುದೂ ಇಲ್ಲ, ಮೂರು ನಾಲ್ಕು ದಿನ ಕಳೆದ ಮೇಲಿನದರಲ್ಲಿ ತಿಳಿಯುತ್ತದೆ. ತಡವಾಗಿ ಬಂದು ಕಿಣ್ವ ಇಳಿದುಹೋದವರಿಗೆ, ನೋವು ಇನ್ನೇನೋ ಇರಬಹುದು ಅನ್ನಿಸಿದವರಿಗೆ ಮಾತ್ರ ಸಿಟಿ ಬೇಗ ಬೇಕು. ಹೊಟ್ಟೆಯ ಅಲ್ಟ್ರಾಸೌಂಡ್ ಮಾತ್ರ ಎಲ್ಲರಿಗೂ ಮಾಡಬೇಕು, ಪಿತ್ತಕೋಶದ ಕಲ್ಲು ನೋಡೋಕೆ. ಅದರಲ್ಲಿ "ಪ್ಯಾಂಕ್ರಿಯಾಸ್ ಸರಿಯಾಗಿ ಕಾಣುತ್ತಿಲ್ಲ, ಗ್ಯಾಸ್ ಅಡ್ಡ ಬಂದಿದೆ" ಅಂತ ಬರೆದಿದ್ದರೆ ಊತ ಇಲ್ಲ ಅಂತ ತಿಳಿಯಬೇಡಿ.

ಹಂತ 6: ಕಾರಣ ಹುಡುಕುವ ಪರೀಕ್ಷೆಗಳು ಮೊದಲ ಸ್ಯಾಂಪಲ್ಲಿನಲ್ಲೇ ಆಗಲಿ

ನಾನು ಒಂದನ್ನೇ ಒತ್ತಿ ಹೇಳಬೇಕೆಂದರೆ ಇದನ್ನು. ಲೈಪೇಸಿಗೆ ಎರಡು ವಾರ ಪುರುಸೊತ್ತಿದೆ. ಕಾರಣದ ಗುರುತುಗಳಿಗೆ ಇಲ್ಲ, ಅವು ಒಂದೆರಡು ದಿನದಲ್ಲೇ ಅಳಿಸಿಹೋಗುತ್ತವೆ.

ಎಸ್‌ಜಿಪಿಟಿ. ಲಿವರ್ ಟೆಸ್ಟಿನ ಭಾಗ. ಪಿತ್ತಕೋಶದಿಂದ ಜಾರಿದ ಕಲ್ಲು ನಾಳಕ್ಕೆ ಅಡ್ಡ ನಿಂತರೆ ಇದು ಏರುತ್ತದೆ. ನೋವು ಬಂದ 48 ಗಂಟೆಯೊಳಗೆ 150 ಯೂನಿಟ್ ದಾಟಿದ್ದರೆ ಕಾರಣ ಪಿತ್ತದ ಕಲ್ಲೇ ಅನ್ನಲು ಬಲವಾದ ಆಧಾರ. ಕಲ್ಲು ಕರುಳಿಗೆ ಜಾರಿಹೋದ ಮೇಲೆ ಸಂಖ್ಯೆ ಸರಸರನೆ ಇಳಿಯುತ್ತದೆ. ಮೂರನೇ ದಿನ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸಿದಾಗ ನಾರ್ಮಲ್ ಇರಬಹುದು. ಕಡಿಮೆ ಇದ್ದ ಮಾತ್ರಕ್ಕೆ ಕಲ್ಲಿಲ್ಲ ಅಂತಲೂ ಅಲ್ಲ. ಕಾಮಾಲೆಯ ಅಳತೆಯಾದ ಬಿಲಿರುಬಿನ್ ಏರುತ್ತಲೇ ಹೋದರೆ ಕಲ್ಲು ಇನ್ನೂ ನಾಳದಲ್ಲೇ ಕೂತಿದೆ ಅಂತ ಅನುಮಾನ. ಜ್ವರವೂ ಸೇರಿದರೆ ಅವಸರ ಮಾಡಬೇಕು.

ಟ್ರೈಗ್ಲಿಸರೈಡ್. ಇದನ್ನು ಬರೆಯಲು ಮರೆಯುವವರೇ ಜಾಸ್ತಿ. ರಕ್ತದ ಈ ಕೊಬ್ಬು ಡೆಸಿಲೀಟರಿಗೆ 1000 ಮಿಲಿಗ್ರಾಂ ದಾಟಿದರೆ ಅದೇ ಊತಕ್ಕೆ ಕಾರಣ ಆಗಬಹುದು. ಸಕ್ಕರೆ ಕಾಯಿಲೆ ಹಿಡಿತ ತಪ್ಪಿದವರಲ್ಲಿ, ಕುಡಿಯುವವರಲ್ಲಿ, ಮನೆತನದಲ್ಲೇ ಕೊಬ್ಬಿನ ತೊಂದರೆ ಇರುವವರಲ್ಲಿ ಕಾಣುತ್ತದೆ. ಲ್ಯಾಬಿನಲ್ಲಿ ಇದು ಕಣ್ಣಿಗೇ ಕಾಣಿಸುತ್ತದೆ. ಟ್ಯೂಬನ್ನು ಮೆಷಿನ್ನಿಗೆ ಹಾಕಿ ತಿರುಗಿಸಿ ತೆಗೆದರೆ ಕೆಳಗೆ ಕೆಂಪು ರಕ್ತ, ಮೇಲೆ ಹೊನ್ನಿನ ಬಣ್ಣದ ತಿಳಿ ಸೀರಂ ನಿಲ್ಲಬೇಕು. ಇವರದ್ದರಲ್ಲಿ ಮೇಲೆ ನಿಲ್ಲುವುದು ಮೀನುಸಾರಿಗೆ ಹಿಂಡಿದ ತೆಂಗಿನಹಾಲಿನ ಹಾಗೆ ಬೆಳ್ಳಗೆ, ದಪ್ಪಗೆ. ಟ್ಯೂಬಿನ ಆಚೆ ಹಿಡಿದ ಬೆರಳು ಕಾಣುವುದಿಲ್ಲ. ಅಂಥ ಸೀರಂ ಕಂಡರೆ ಲ್ಯಾಬಿನವರು ಡಾಕ್ಟರಿಗೆ ಫೋನ್ ಮಾಡಬೇಕು, ರಿಪೋರ್ಟಿನಲ್ಲಿ ಬರೆಯಬೇಕು. ಯಾಕೆಂದರೆ ಈ ಬಿಳುಪು ಅಮೈಲೇಸ್ ಪರೀಕ್ಷೆಗೆ ಅಡ್ಡ ಬಂದು, ಏರಿದ್ದನ್ನೂ ನಾರ್ಮಲ್ ಅಂತ ತೋರಿಸಬಹುದು. ಸೋಡಿಯಂ ಕೂಡ ಸುಳ್ಳೇ ಕಮ್ಮಿ ಬರಬಹುದು. ಸೀರಂ ತೆಳುಮಾಡಿ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಉಪವಾಸ, ಡ್ರಿಪ್, ಇನ್ಸುಲಿನ್ ಶುರುವಾದ ಮೇಲೆ ಟ್ರೈಗ್ಲಿಸರೈಡ್ ಒಂದೆರಡು ದಿನದಲ್ಲೇ ಧಡಕ್ಕನೆ ಇಳಿಯುತ್ತದೆ, ಆಮೇಲೆ ನೋಡಿ ಪ್ರಯೋಜನವಿಲ್ಲ. ಇದಕ್ಕೂ ಖಾಲಿ ಹೊಟ್ಟೆ ಕಾಯಬೇಡಿ. ಮೊದಲ ಸ್ಯಾಂಪಲ್ಲೇ ಇರಲಿ.

ಕ್ಯಾಲ್ಸಿಯಂ ಸ್ವಲ್ಪ ತಂಟೆಯದು. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟು ಕ್ಯಾಲ್ಸಿಯಂ ಏರಿದವರಿಗೆ ಮೇದೋಜೀರಕದ ಊತ ಬರಬಹುದು. ಆದರೆ ಊತವೇ ಕ್ಯಾಲ್ಸಿಯಂ ಇಳಿಸುತ್ತದೆ. ಹಾಗಾಗಿ ಕಾಯಿಲೆಯ ದಿನದ ನಾರ್ಮಲ್ ಕ್ಯಾಲ್ಸಿಯಂ ಪೂರ್ತಿ ನಂಬುವಂಥದ್ದಲ್ಲ, ಗುಣವಾದ ಮೇಲೆ ಇನ್ನೊಮ್ಮೆ ನೋಡಬೇಕು. ಅಲ್ಬುಮಿನ್ ಅನ್ನುವ ರಕ್ತದ ಪ್ರೋಟೀನನ್ನೂ ಜೊತೆಗೆ ಮಾಡಿಸಿ. ಅಲ್ಬುಮಿನ್ 4ಕ್ಕಿಂತ ಎಷ್ಟು ಕಮ್ಮಿಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸುತ್ತಾರೆ. ಕ್ಯಾಲ್ಸಿಯಂ 7.6, ಅಲ್ಬುಮಿನ್ 3 ಅಂತಿದ್ದರೆ ಸರಿಪಡಿಸಿದ ಲೆಕ್ಕ 8.4.

ಕುಡಿತವೇ ಕಾರಣ ಅಂತ ಒಂದೇ ಏಟಿಗೆ ಹೇಳುವ ರಕ್ತ ಪರೀಕ್ಷೆ ಇಲ್ಲ. ಲಿವರ್ ಟೆಸ್ಟಿನ ಜಿಜಿಟಿ, ಎಸ್‌ಜಿಒಟಿ ಸುಳಿವು ಕೊಡುತ್ತವೆ, ಅಷ್ಟೇ. ಹಂತ 1ರ ಆ ಐದು ನಿಮಿಷ ಇದಕ್ಕೇ.

ಹಂತ 7: ಕಾಯಿಲೆ ಯಾವ ಕಡೆ ಹೊರಟಿದೆ?

ಹೆಚ್ಚಿನವರಲ್ಲಿ ಇದು ಡ್ರಿಪ್, ನೋವಿನ ಇಂಜೆಕ್ಷನ್‌ನಲ್ಲೇ ವಾರದೊಳಗೆ ಇಳಿಯುತ್ತದೆ. ಕೆಲವರಲ್ಲಿ ಕಿಡ್ನಿ, ಶ್ವಾಸಕೋಶಕ್ಕೆ ಹಬ್ಬುತ್ತದೆ. ಆ ಕೆಲವರು ಯಾರು ಅಂತ ಬೇಗ ಗುರುತಿಸಬೇಕು. ಇಲ್ಲಿ ಬೇಕಾಗುವುದು ದುಬಾರಿ ಪರೀಕ್ಷೆಗಳಲ್ಲ, ತಾಲೂಕು ಆಸ್ಪತ್ರೆಯಲ್ಲೂ ಆಗುವಂಥವು.

ರಕ್ತಕಣಗಳ ಎಣಿಕೆಯ ರಿಪೋರ್ಟಿನಲ್ಲಿ ಪಿಸಿವಿ ಅಂತ ಒಂದು ಸಾಲು ಇರುತ್ತದೆ, ರಕ್ತದಲ್ಲಿ ಕೆಂಪುಕಣದ ಪಾಲು ಶೇಕಡಾ ಎಷ್ಟು ಅಂತ. ರಕ್ತನಾಳದ ನೀರು ಊತದ ಜಾಗಕ್ಕೆ ಸೋರಿಹೋದರೆ ರಕ್ತ ಗಟ್ಟಿಯಾಗಿ ಪಿಸಿವಿ ಏರುತ್ತದೆ. 44 ದಾಟಿದ್ದು ಡ್ರಿಪ್ ಕೊಟ್ಟರೂ ಮಾರನೇ ದಿನ ಇಳಿಯದಿದ್ದರೆ ಹುಷಾರಾಗಬೇಕು.

ಯೂರಿಯಾ ಇನ್ನೊಂದು. ಇಲ್ಲೊಂದು ಗೊಂದಲ ಇದೆ. ಅನೇಕ ವೈದ್ಯಕೀಯ ಲೆಕ್ಕಾಚಾರಗಳು ಬಿಯುಎನ್ (ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ) ಅನ್ನುವ ಅಳತೆಯಲ್ಲಿ ಇರುತ್ತವೆ, ನಮ್ಮ ಲ್ಯಾಬುಗಳು ಸಾಮಾನ್ಯವಾಗಿ ಕೊಡುವುದು ಬ್ಲಡ್ ಯೂರಿಯಾ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಬಿಯುಎನ್ 20 ಅಂದರೆ ಯೂರಿಯಾ ಸುಮಾರು 43. ಇಂಟರ್ನೆಟ್ಟಿನಲ್ಲಿ "25ಕ್ಕಿಂತ ಜಾಸ್ತಿ ಇದ್ದರೆ ಅಪಾಯ" ಅಂತ ಓದಿ, ಕೈಯಲ್ಲಿರುವ ಯೂರಿಯಾ 32ಕ್ಕೆ ಹೆದರಿ ಅಳುವವರಿದ್ದಾರೆ. ಆ 25 ಬಿಯುಎನ್ ಲೆಕ್ಕ, ಯೂರಿಯಾದಲ್ಲಿ ಅದು ಸುಮಾರು 54. ಮೊದಲ ಸಂಖ್ಯೆಗಿಂತ 24 ಗಂಟೆಯ ನಂತರದ್ದು ಏರಿದೆಯಾ, ಇಳಿದಿದೆಯಾ ಅನ್ನುವುದು ಮುಖ್ಯ. ಕಿಡ್ನಿಯ ಇನ್ನೊಂದು ಪರೀಕ್ಷೆಯಾದ ಕ್ರಿಯೇಟಿನಿನ್ನಿಗೂ ಅದೇ ಮಾತು.

ಸಿಆರ್‌ಪಿ ಊತದ ಅಳತೆ. ಮೊದಲ ದಿನ ಇದನ್ನು ನೋಡಿ ನೆಮ್ಮದಿ ಪಡಬೇಡಿ, ಪೂರ್ತಿ ಏರಲು ಎರಡು ದಿನ ಹಿಡಿಯುತ್ತದೆ. 48 ಗಂಟೆಯ ಹೊತ್ತಿಗೆ ಲೀಟರಿಗೆ 150 ಮಿಲಿಗ್ರಾಂ ದಾಟಿದರೆ ಕಾಯಿಲೆ ಜೋರಾಗುವ ಸೂಚನೆ. ಇಲ್ಲೂ ಅಳತೆ ನೋಡಿಕೊಳ್ಳಿ. ಕೆಲವು ಲ್ಯಾಬು ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಅಲ್ಲಿ 15 ಅಂದರೂ ಅದೇ 150.

ಬಿಳಿ ರಕ್ತಕಣ 12,000 ದಾಟಿದ್ದು ಅಥವಾ 4,000ಕ್ಕಿಂತ ಕೆಳಗಿದ್ದದ್ದು, ನಾಡಿ 90ಕ್ಕಿಂತ ಜಾಸ್ತಿ, ಉಸಿರು ನಿಮಿಷಕ್ಕೆ 20ಕ್ಕಿಂತ ಜಾಸ್ತಿ, ಮೈಬಿಸಿ 38 ಡಿಗ್ರಿ ಸೆಲ್ಸಿಯಸ್ ಮೇಲೆ ಅಥವಾ 36ರ ಕೆಳಗೆ. ಇವುಗಳಲ್ಲಿ ಎರಡಾದರೂ ಬಿಡದೆ ಉಳಿದರೆ ಡಾಕ್ಟರ್ ಚುರುಕಾಗುತ್ತಾರೆ. ಬಿಳಿಕಣ ಏರಿತು ಅಂತ ಮನೆಯವರು "ಆಂಟಿಬಯೋಟಿಕ್ ಯಾಕೆ ಕೊಡ್ತಿಲ್ಲ?" ಅಂತ ಜಗಳಕ್ಕೆ ನಿಲ್ಲುವುದು ನೋಡಿದ್ದೇನೆ. ಶುರುವಿನ ದಿನಗಳ ಈ ಊತ ಸಾಮಾನ್ಯವಾಗಿ ರೋಗಾಣುವಿನಿಂದ ಬಂದದ್ದಲ್ಲ, ಎಲ್ಲರಿಗೂ ಆಂಟಿಬಯೋಟಿಕ್ ಬೇಕಾಗುವುದಿಲ್ಲ. ಪ್ರೊಕ್ಯಾಲ್ಸಿಟೋನಿನ್ ಅನ್ನುವ ದುಬಾರಿ ಪರೀಕ್ಷೆ ಸೋಂಕಿನ ಅನುಮಾನ ಬಂದಾಗ ಬೇಕಾದೀತು, ಮೊದಲ ರಾತ್ರಿಗಲ್ಲ.

ಉಸಿರು ಕಷ್ಟವಾದರೆ ಮಣಿಕಟ್ಟಿನ ರಕ್ತನಾಳದಿಂದ ತೆಗೆದು ಆಮ್ಲಜನಕ, ರಕ್ತದ ಹುಳಿ ನೋಡುತ್ತಾರೆ. ಅಂಗ ವೈಫಲ್ಯ 48 ಗಂಟೆಯೊಳಗೆ ಸರಿಯಾದರೆ ಮಧ್ಯಮ, ದಾಟಿದರೆ ತೀವ್ರ. ಇದೂ ಅಟ್ಲಾಂಟಾ ಲೆಕ್ಕವೇ.

ಹಂತ 8: ಬೇರೆ ಊರಿಗೆ ಕಳಿಸಿದಾಗ

ಭಟ್ಕಳದವರು ಮಣಿಪಾಲಕ್ಕೆ, ಶಿರಸಿ-ಯಲ್ಲಾಪುರದವರು ಹುಬ್ಬಳ್ಳಿಗೆ, ಕಾರವಾರದ ಕಡೆಯವರು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಕ್ರಿಮ್ಸ್‌ಗೆ ಇಲ್ಲವೇ ಗೋವಾದ ಬಾಂಬೋಳಿಗೆ. ನಮ್ಮ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕು ಅನ್ನುವ ಕೂಗು ಸುಮ್ನೆ ಹುಟ್ಟಿದ್ದಲ್ಲ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್. ಮಳೆಗಾಲದಲ್ಲಿ ರಸ್ತೆಯನ್ನೂ ನಂಬುವಂತಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಎಷ್ಟು ದಿನ ಮುಚ್ಚಿತ್ತು ಅಂತ ಅಂಕೋಲಾದವರಿಗೆ ಹೇಳಬೇಕಿಲ್ಲ.

ಹಾಗಾಗಿ ಡಾಕ್ಟರ್ "ಕರೆದುಕೊಂಡು ಹೋಗಿ" ಅಂದರೆ ಬಾಕಿ ರಿಪೋರ್ಟಿಗೆ ಕಾಯುತ್ತ ಕೂರಬೇಡಿ. ರಕ್ತ ಕೊಟ್ಟು ಹೊರಡಿ, ರಿಪೋರ್ಟ್ ವಾಟ್ಸಾಪಿಗೆ ಬರುತ್ತದೆ. ಹೊರಡುವ ಮೊದಲು 108ರವರಿಂದಲೋ ಪರಿಚಯದವರಿಂದಲೋ ದಾರಿ ತೆರೆದಿದೆಯಾ ಅಂತ ಕೇಳಿ. ಡ್ರಿಪ್ ನಿಲ್ಲಿಸದೆ ಒಯ್ಯುವ ವ್ಯವಸ್ಥೆ ಇರಲಿ. ಒಂದು ಹಾಳೆಯಲ್ಲಿ ಇಷ್ಟು ಬರೆಸಿಕೊಳ್ಳಿ: ನೋವು ಶುರುವಾದ ದಿನ, ಗಂಟೆ. ಪ್ರತಿ ರಕ್ತ ತೆಗೆದ ಹೊತ್ತು. ಲೈಪೇಸ್ ಮತ್ತು ಆ ಲ್ಯಾಬಿನ ಮೇಲ್ಮಿತಿ. ಡ್ರಿಪ್ ಶುರುವಾಗುವ ಮೊದಲಿನ ಪಿಸಿವಿ, ಯೂರಿಯಾ. ಎಷ್ಟು ಬಾಟಲಿ ಹೋಗಿದೆ, ಉಚ್ಚೆ ಎಷ್ಟು ಬಂದಿದೆ. ಕೊಟ್ಟ ಇಂಜೆಕ್ಷನ್‌ಗಳು. ಎಷ್ಟೋ ಸಲ ರಿಪೋರ್ಟಿನ ಮೇಲೆ ಪ್ರಿಂಟ್ ತೆಗೆದ ಸಮಯ ಮಾತ್ರ ಇರುತ್ತದೆ, ರಕ್ತ ತೆಗೆದದ್ದು ಇರುವುದಿಲ್ಲ. ಪೆನ್ನಿನಲ್ಲಿ ನೀವೇ ಬರೆದುಕೊಳ್ಳಿ. ಆಧಾರ್, ರೇಷನ್ ಕಾರ್ಡ್ ಕೂಡ ಚೀಲದಲ್ಲಿರಲಿ, ಸರ್ಕಾರಿ ಯೋಜನೆಗೆ ಅವನ್ನೇ ಮೊದಲು ಕೇಳುತ್ತಾರೆ.

ಹಂತ 9: ಮನೆಗೆ ಬಂದ ಮೇಲೆ

ಕಲ್ಲಿನಿಂದ ಬಂದ ಸೌಮ್ಯ ಊತವಾದರೆ ಅದೇ ಸಲ ಆಸ್ಪತ್ರೆಯಲ್ಲಿರುವಾಗಲೇ ಪಿತ್ತಕೋಶ ತೆಗೆಸುವುದು ಈಗಿನ ಪದ್ಧತಿ. "ಅಡಿಕೆ ಕೊಯ್ಲು ಮುಗೀಲಿ" ಅಂತ ಮುಂದೂಡಿದರೆ ಅಷ್ಟರೊಳಗೆ ಇನ್ನೊಂದು ಕಲ್ಲು ಜಾರಬಹುದು.

ಟ್ರೈಗ್ಲಿಸರೈಡ್ ಜಾಸ್ತಿ ಇದ್ದವರು ಈಗ ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಿ, ಮಾತ್ರೆ ಬಿಡಬೇಡಿ. ಕಾರಣ ಸಿಗದೆ ಉಳಿದವರು ಕ್ಯಾಲ್ಸಿಯಂ ಒಮ್ಮೆ ನೋಡಿಸಿ. ನೋವಿಲ್ಲದಿದ್ದರೂ ತಿಂಗಳುಗಟ್ಟಲೆ ಅಮೈಲೇಸ್ ಒಂದೇ ಏರಿ ನಿಂತಿದ್ದರೆ ಅದು ಮೇದೋಜೀರಕದ್ದೇ ಆಗಿರಬೇಕೆಂದಿಲ್ಲ. ಕೆಲವರಲ್ಲಿ ಅಮೈಲೇಸ್ ರಕ್ತದ ದೊಡ್ಡ ಪ್ರೋಟೀನಿಗೆ ಅಂಟಿಕೊಂಡು ಉಚ್ಚೆಯಲ್ಲಿ ಹೊರಹೋಗದೆ ಉಳಿಯುತ್ತದೆ. ಮೂತ್ರದ ಅಮೈಲೇಸ್ ನೋಡಿದರೆ ತಿಳಿಯುತ್ತದೆ, ಅದಕ್ಕೆ ಔಷಧಿಯೂ ಬೇಡ.

ಇನ್ಸುಲಿನ್ ತಯಾರಾಗುವುದೂ ಇದೇ ಗ್ರಂಥಿಯಲ್ಲಿ. ಊತ ಕಳೆದ ಮೇಲೆ ಕೆಲವರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಬರುತ್ತದೆ, ಸೌಮ್ಯವಾಗಿ ಬಂದು ಹೋದವರಿಗೂ. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ (ಸಕ್ಕರೆಯ ಮೂರು ತಿಂಗಳ ಸರಾಸರಿ) ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಊಟ ಸರಿಯಿದ್ದರೂ ತೂಕ ಇಳಿಯುತ್ತಿದ್ದರೆ, ಮಲ ಜಿಡ್ಡು ಜಿಡ್ಡಾಗಿ ನೀರು ಹಾಕಿದರೂ ಹೋಗದೆ ತೇಲುತ್ತಿದ್ದರೆ ಕೊಬ್ಬು ಕರಗುತ್ತಿಲ್ಲ ಅಂತ ಅನುಮಾನ. ಅದಕ್ಕೆ ರಕ್ತವಲ್ಲ, ಮಲದಲ್ಲಿ ಎಲಾಸ್ಟೇಸ್ ಅನ್ನುವ ಕಿಣ್ವ ಅಳೆಯುತ್ತಾರೆ. ಕಮ್ಮಿ ಬಂದರೆ ಊಟದ ಜೊತೆ ನುಂಗುವ ಕಿಣ್ವದ ಕ್ಯಾಪ್ಸೂಲ್ ಬರೆದುಕೊಡುತ್ತಾರೆ.